ತಲೆಯೆತ್ತದವಳ ಪಕ್ಕದ ಕುರ್ಚಿ

ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ. ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಗೋಡೆಗಳೇ ಇರಲಿಲ್ಲ, ಕಿವಿ ಮಾತ್ರ ಇತ್ತು, ಅದೂ ನನ್ನದು. ಮಹಡಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಲ್. ಕೂತರೆ ಗಲ್ಲದ ಮಟ್ಟಕ್ಕೆ ಬರುವ ಹಲಗೆಗಳು, ಹಲಗೆಗಳ ನಡುವೆ ಕಂಪ್ಯೂಟರುಗಳು, ಕಂಪ್ಯೂಟರುಗಳ ಮುಂದೆ ನಾವು. ಗೋಡೆ ತೆಗೆದರೆ ಜನ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ ಎಂದು ಎಲ್ಲೋ ಯಾರೋ ಕಂಡುಹಿಡಿದಿದ್ದರಂತೆ. ಹಾಗೆ ಕಂಡುಹಿಡಿದವರು ಖಂಡಿತ ಬಾಗಿಲಿರುವ ಕೋಣೆಯಲ್ಲಿ ಕೂತಿದ್ದಿರಬೇಕು.

ನನ್ನ ಕೆಲಸ ತಪ್ಪು ಹುಡುಕುವುದು. ಇಂಗ್ಲೆಂಡಿನ ಒಂದು ವಿಮಾ ಕಂಪನಿಗೆ ನಮ್ಮವರು ಪ್ರೋಗ್ರಾಮು ಬರೆಯುತ್ತಿದ್ದರು. ಅವರು ಬರೆದದ್ದನ್ನು ಸಾಲುಸಾಲಾಗಿ ಓದಿ, ಅದು ಎಲ್ಲಿ ಎಡವುತ್ತದೆ ಎಂದು ನಾನು ಹೇಳಬೇಕಿತ್ತು. "ಸಣ್ಣಾಕಿ ಇದ್ದಾಗಿಂದ ಅದನ್ನ ಮಾಡ್ಕೋತ ಬಂದೀದಿ. ಈಗ ಅದಕ್ಕ ಪಗಾರಾನೂ ಕೊಡ್ತಾರಂದ್ರ ಭಾಳ ಛಲೋ ಆತು ಬಿಡು" ಎಂದು ಅವ್ವ ನಗುತ್ತಿದ್ದಳು. ಈ ಕೆಲಸಕ್ಕೆ ಬೇಕಾದ್ದು ಒಂದೇ. ಒಂದು ಎಳೆಯನ್ನು ತಲೆಯಲ್ಲಿ ಹಿಡಿದುಕೊಂಡು, ಅದು ಹೋದಲ್ಲೆಲ್ಲ ಹೋಗಿ, ಕೊನೆ ಮುಟ್ಟಬೇಕು. ನಡುವೆ ಯಾರಾದರೂ ಊಟಕ್ಕೆ ಬರ್ತೀಯಾ ಅಂದರೆ ಮುಗಿಯಿತು, ಎಳೆ ಕೈತಪ್ಪಿ ಮತ್ತೆ ಮೊದಲಿನಿಂದ ಹಿಡಿಯಬೇಕು. ನನ್ನನ್ನು ಯಾರೂ ಕರೆಯಲೇಬೇಕೆಂದಿರಲಿಲ್ಲ. ಅವರವರೇ ಮಾತಾಡಿಕೊಂಡರೂ ಸಾಕಿತ್ತು.

ಏಕೆಂದರೆ ನನಗೆ ಎಲ್ಲರ ಮಾತೂ ಅರ್ಥವಾಗುತ್ತಿತ್ತು. ನಾನು ಬೆಳೆದದ್ದು ಪಟಾನ್‌ಚೆರು ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಧಾರವಾಡದ ಕಡೆಯಿಂದ ಬಂದ ಅಪ್ಪ ಅಲ್ಲಿ ಯಂತ್ರದ ಮುಂದೆ ನಿಂತು ಆಯುಷ್ಯ ಕಳೆದವನು. ನಮ್ಮ ಸಾಲಿನಲ್ಲಿ ಎಡಗಡೆ ಮನೆ ಮರಾಠಿ, ಬಲಗಡೆ ತಮಿಳು, ಎದುರಿಗೆ ತೆಲುಗು. ತರಕಾರಿಯವನದು ದಖ್ಖನಿ ಉರ್ದು, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷು. ನಾವು ಮಕ್ಕಳು ಆಡುತ್ತ ಆಡುತ್ತ ಎಲ್ಲವನ್ನೂ ಕಲಿತುಬಿಟ್ಟೆವು. ನಾಲ್ಕು ಭಾಷೆ ಬಂದರೆ ಎಲ್ಲಿ ಹೋದರೂ ಬದುಕಬಹುದು ಎಂದು ದೊಡ್ಡವರು ಹೊಗಳುತ್ತಿದ್ದರು. ಅದು ಹಾಲ್‌ನಲ್ಲಿ ಕೂತು ಮಾಡುವ ಕೆಲಸಗಳು ಹುಟ್ಟುವ ಮುಂಚಿನ ಮಾತು.

ಹಿಂದೆ ಕೂತ ಹುಡುಗನ ಅತ್ತೆಯ ಕಣ್ಣಿನ ಪೊರೆ ತೆಲುಗಿನಲ್ಲಿ ನನ್ನ ತಲೆಯೊಳಗೆ ಬರುತ್ತಿತ್ತು. ಎದುರಿನವನು ದಖ್ಖನಿಯಲ್ಲಿ "ನಕ್ಕೋ ಬೋಲಾ ನಾ" ಎಂದು ಯಾರೊಂದಿಗೋ ಬೆಳಿಗ್ಗೆಯಿಂದ ಜಗಳವಾಡುತ್ತಿದ್ದ. ಏನು ಬೇಡ ಅಂದದ್ದು ಎಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಕಿಟಕಿಯ ಬಳಿಯ ತಮಿಳು ಜೋಡಿ ಹೊಸ ಫ್ಲ್ಯಾಟಿನ ನೆಲಕ್ಕೆ ಯಾವ ಕಲ್ಲು ಹಾಕಿಸಬೇಕೆಂದು ವಾರಗಟ್ಟಲೆ ಚರ್ಚಿಸಿದರು, ಕೊನೆಗೆ ತಪ್ಪು ಕಲ್ಲನ್ನೇ ಹಾಕಿಸಿದರು. ಕಿವಿಗೆ ಹತ್ತಿ ಇಟ್ಟುಕೊಂಡೆ. ಹೆಡ್‌ಫೋನಿನಲ್ಲಿ ಹಾಡು ಹಾಕಿದೆ, ಹಾಡಿಗೂ ಮಾತಿರುತ್ತದೆಂದು ತೆಗೆದಿಟ್ಟೆ. ಸಂಜೆ ಕ್ಯಾಬಿನಲ್ಲಿ ಕೂಕಟ್‌ಪಲ್ಲಿಗೆ ಮರಳುವಾಗ, ಅರ್ಧ ಕಟ್ಟಿದ ಫ್ಲೈಓವರುಗಳ ಕೆಳಗೆ ಸಿಕ್ಕಿಕೊಂಡು ಹಾರ್ನುಗಳ ನಡುವೆ ಕೂತಿರುತ್ತಿದ್ದೆನಲ್ಲ, ಅದೇ ದಿನದ ವಿಶ್ರಾಂತಿ. ಹಾರ್ನಿಗೆ ಅರ್ಥವಿಲ್ಲ.

ನಾನು ಬಿಟ್ಟ ತಪ್ಪುಗಳು ಇಂಗ್ಲೆಂಡಿನವರೆಗೆ ಹೋದವು. ಒಮ್ಮೆ ಹೋದಾಗ ಮ್ಯಾನೇಜರು ನಕ್ಕರು, ಮತ್ತೆ ಹೋದಾಗ ಕರೆದು ಕೂರಿಸಿದರು. ಅವರು ತೆಲುಗಿನವರು, ಕೆಟ್ಟ ಮನುಷ್ಯರಲ್ಲ. 'ಫೋಕಸ್' ಎಂಬ ಒಂದು ಶಬ್ದ ಮಾತ್ರ ಅವರಿಗೆ ಅಂಟಿಕೊಂಡಿತ್ತು. ಕೆಮ್ಮು ಬಂದರೂ ಫೋಕಸ್ ಇಲ್ಲವೆನ್ನುತ್ತಿದ್ದರು. "ಏಮ್ಮಾ, ಇನ್ನೊಮ್ಮೆ ಹೀಗಾದ್ರೆ ನಿನ್ನ ಬೆಂಚಿಗೆ ಕಳಿಸದೆ ನಂಗೆ ಬೇರೆ ದಾರಿ ಇಲ್ಲ" ಅಂದರು. ಬೆಂಚು ಅಂದರೆ ಕ್ಯಾಂಟೀನಿನ ಪಕ್ಕದ ಸಾಲು. ಕೆಲಸವಿಲ್ಲದವರನ್ನು ಅಲ್ಲಿ ಕೂರಿಸುತ್ತಿದ್ದರು. ಕೆಲವು ವಾರದ ಮೇಲೆ ಅವರ ಕುರ್ಚಿ ಖಾಲಿಯಿರುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

ಆಗ ನಾನು ಅವಳನ್ನು ನೋಡಿದ್ದು. ಹಾಲ್‌ನ ಉತ್ತರದ ಮೂಲೆಯಲ್ಲಿ ಮಲಯಾಳಿಗಳ ಒಂದು ಸಾಲು ಇತ್ತು. ಅದರ ತುದಿಯಲ್ಲಿ, ಎಡಗಡೆಗೆ ಕಂಬ ಬರುವಂತೆ, ಅವಳು ಕೂರುತ್ತಿದ್ದಳು. ನನಗಿಂತ ಚಿಕ್ಕವಳು, ದಪ್ಪ ಕೂದಲನ್ನು ಕಿವಿ ಮುಚ್ಚುವ ಹಾಗೆ ಬಾಚಿ ಕಟ್ಟುವವಳು. ಸುತ್ತ ಸಾಲಿನವರೆಲ್ಲ ಕ್ರಿಕೆಟ್ಟಿನ ಬಗ್ಗೆ ಕೂಗಾಡುತ್ತಿದ್ದರೂ ಅವಳು ತಲೆಯೆತ್ತುತ್ತಿರಲಿಲ್ಲ. ಹಿಂದೆ ಯಾರೋ ಚಹಾದ ಟ್ರೇ ಬೀಳಿಸಿ ಇಡೀ ಹಾಲ್ ಎದ್ದು ನಿಂತ ದಿನ, ಅವಳೊಬ್ಬಳು ಟೈಪು ಮಾಡುತ್ತಲೇ ಇದ್ದಳು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಇಷ್ಟು ಮನಸ್ಸು ಗಟ್ಟಿಯಿರುವ ಹುಡುಗಿ ಏನು ತಿಂದು ಬೆಳೆದಿರಬಹುದು ಎಂದು ಯೋಚಿಸಿದೆ.

ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ನನಗೆ ತಕ್ಷಣ ಹೊಳೆದದ್ದು ಮಲಯಾಳ! ಹಾಲ್‌ನಲ್ಲಿ ನನಗೆ ಬಾರದ ಭಾಷೆ ಅದೊಂದೇ, ಇನ್ನೊಂದು ಮೂಲೆಯ ಬಂಗಾಳಿ ಹುಡುಗರದ್ದನ್ನು ಬಿಟ್ಟರೆ. ಮ್ಯಾನೇಜರ ಹತ್ತಿರ ಹೋಗಿ, ನನ್ನನ್ನು ಮಲಯಾಳಿಗಳ ನಡುವೆ ಕೂರಿಸಿ ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ "ಒಳ್ಳೇದು, ಅವಳ ಪಕ್ಕ ಕೂತರೆ ಸ್ವಲ್ಪ ಫೋಕಸ್ ಅಂಟಬಹುದು" ಅಂದು ಒಪ್ಪಿದರು.

ಆ ಕೆಲವು ತಿಂಗಳು ನನ್ನ ಜೀವನದ ಸುಖದ ತಿಂಗಳುಗಳು. ಸುತ್ತ ಮಾತು ಧಾರಾಕಾರ ಸುರಿಯುತ್ತಿತ್ತು, ನನ್ನ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ತಪ್ಪುಗಳು ಒಂದೊಂದಾಗಿ ಸಿಕ್ಕವು. ಅವಳೊಂದಿಗೆ ನನಗೆ ದೊಡ್ಡ ಗೆಳೆತನವೇನೂ ಬೆಳೆಯಲಿಲ್ಲ. ಏನು ಕೇಳಿದರೂ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ "ಮೇಲ್ ಮಾಡಿ" ಅನ್ನುತ್ತಿದ್ದಳು. ಒಂದು ಮೊಳ ದೂರದಲ್ಲಿ ಕೂತವಳಿಗೆ ಮೇಲ್ ಮಾಡುವುದೆಂದರೆ ಏನು ಜಂಭ ಎಂದು ಮೊದಲು ಸಿಟ್ಟು ಬಂತು. ಮ್ಯಾನೇಜರಿಗೆ ಅದು ಎಷ್ಟು ಹಿಡಿಸಿತೆಂದರೆ ಇಡೀ ಹಾಲ್‌ಗೆ ಅದನ್ನೇ ಕಾನೂನು ಮಾಡಿದರು. ಊಟದ ಮುಂಚೆ ಕೆಲಸದ ವಿಷಯಕ್ಕೆ ಬಾಯಿ ಮಾತಿಲ್ಲ, ಮೇಲ್ ಮಾತ್ರ. ಹರಟೆಗೆ ಆ ಕಾನೂನು ತಾಗಲಿಲ್ಲ. ಅವಳ ಕಂಪ್ಯೂಟರಿನ ಅಂಚಿಗೆ ಒಂದು ಪುಟ್ಟ ಕನ್ನಡಿ ಅಂಟಿಸಿದ್ದಳು. ಶೋಕಿ ಅಂದುಕೊಂಡಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಅವಳ ಅಮ್ಮನ ಫೋನು ಬರುತ್ತಿತ್ತು. ಮೊಬೈಲನ್ನು ಬಲಗಿವಿಗೆ ಒತ್ತಿಕೊಂಡು, ನನ್ನ ಕುರ್ಚಿಯ ಹಿಂದಿನ ಕಿಟಕಿಗೆ ಒರಗಿ, ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ಆ ಸಾಲಿನ ಹುಡುಗರೆಲ್ಲ ಆಗ ಕ್ಯಾಂಟೀನಿನಲ್ಲಿರುತ್ತಿದ್ದರು. ಇದ್ದವಳು ನಾನೊಬ್ಬಳು, ನನಗೆ ಭಾಷೆ ಬಾರದು. ಅವಳಿಗೆ ನಾನೂ ಒಂದು ಕಂಬವೇ ಆಗಿದ್ದೆ.

ಆದರೆ ಕಿವಿ ಎಂಬುದು ಹರಾಮಿ ಅಂಗ. ಬೇಡವೆಂದರೂ ಹೆಕ್ಕಿಕೊಳ್ಳುತ್ತದೆ. ಮೊದಲು 'ಇಲ್ಲ' ಸಿಕ್ಕಿತು, ಅದು ನಮ್ಮದೇ. ಆಮೇಲೆ 'ಪರಯುಕ' ಅಂದರೆ ಹೇಳುವುದು ಎಂದು ತಾನಾಗಿಯೇ ತಿಳಿಯಿತು. ದಿನಾ ಕೇಳುವ 'ಕಳಿಚ್ಚೋ' ಅಂದರೆ ಊಟವಾಯಿತೇ ಎಂದು. ತಡೆಯಲು ನೋಡಿದೆ. ಕನ್ನಡ, ತೆಲುಗು, ತಮಿಳು ಮೂರೂ ಬಲ್ಲವಳಿಗೆ ಮಲಯಾಳ ಎಷ್ಟು ದಿನ ದೂರದಲ್ಲಿ ನಿಂತೀತು? ನನ್ನ ಮೌನದ ಮಾಡು ಸೋರಲು ಶುರುವಾಯಿತು. ಬಂಗಾಳಿ ಹುಡುಗರ ಸಾಲಿನಲ್ಲಿ ಕುರ್ಚಿ ಖಾಲಿಯಿದೆಯೇ ಎಂದು ಆಗಲೇ ಕಣ್ಣಾಡಿಸಿಯೂ ಬಂದಿದ್ದೆ.

ಅಷ್ಟರಲ್ಲಿ ಒಂದು ಸೋಮವಾರ ಮ್ಯಾನೇಜರು ಎಲ್ಲರನ್ನೂ ಹಾಲ್‌ನ ನಡುವೆ ನಿಲ್ಲಿಸಿದರು. "ಈ ಹುಡುಗಿಯನ್ನ ನೋಡಿ ಕಲೀರಿ" ಎಂದು ಅವಳನ್ನು ತೋರಿಸಿದರು. ಇವತ್ತಿಗೂ ಅವಳು ಕಾಂಟ್ರ್ಯಾಕ್ಟ್ ಮೇಲಿದ್ದಾಳೆ, ಈ ವರ್ಷ ಖಾಯಂ ಮಾಡಿಸುತ್ತೇನೆ ಅಂದರು. ಅದಕ್ಕೆ ಮೊದಲು ಅವಳು ಇಂಗ್ಲೆಂಡಿನವರ ಫೋನನ್ನು ನಡೆಸಿಕೊಡಬೇಕು, ಮುಂದಿನ ವಾರದಿಂದ ದಿನಾ ಮಧ್ಯಾಹ್ನದ ಕರೆಗೆ ಅವಳೇ ಮುಂದಾಳು ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಸುತ್ತ ಒಮ್ಮೆ ನೋಡಿ, ಎಲ್ಲರೂ ತಟ್ಟುತ್ತಿರುವುದು ಕಂಡು, ತಾನೂ ತಟ್ಟಿದಳು.

ತನಗೇ ಚಪ್ಪಾಳೆ ತಟ್ಟಿಕೊಂಡಳು ಎಂದು ಹುಡುಗರು ನಕ್ಕರು. ನಾನೂ ನಕ್ಕೆ. ಪಕ್ಕದ ಹುಡುಗ ಅವಳ ಎದುರಿಗೆ ಬಂದು ನಿಂತು ಬಿಡಿಸಿ ಹೇಳಿದ ಮೇಲೆ ಅವಳ ಮುಖದಿಂದ ರಕ್ತ ಇಳಿದುಹೋಯಿತು. ನಾಚಿಕೆ ಅಂದುಕೊಂಡೆವು.

ಅವತ್ತು ಮಧ್ಯಾಹ್ನ ಫೋನು ಬಂದಾಗ ಅವಳು ಅಳುತ್ತಿದ್ದಳು. ನಾನು ಬೆನ್ನು ಹಾಕಿ ಕೂತು ಒಂದು ಎಳೆ ಹಿಡಿದುಕೊಂಡಿದ್ದೆ. "ಇಡತ್ತೆ ಚೆವಿ ತೀರೆ ಕೇಳ್ಕುನ್ನಿಲ್ಲ ಅಮ್ಮೇ" ಅಂದಳು. ಇದನ್ನು ಅರ್ಥಮಾಡಿಕೊಳ್ಳಲು ನಾನು ಏನೂ ಮಾಡಬೇಕಾಗಲಿಲ್ಲ. ತೆಲುಗಿನವರಿಗೂ ಕಿವಿ ಚೆವಿಯೇ, ಉಳಿದದ್ದೆಲ್ಲ ಕನ್ನಡವೇ. ಎಡಗಿವಿ ತೀರಾ ಕೇಳಿಸುತ್ತಿಲ್ಲ ಅಮ್ಮ. ಬಲಗಡೆಯದೂ ಮಂದವಾಗುತ್ತಿದೆ ಅಂದಳು. ಫೋನಿನಲ್ಲಿ ಇಂಗ್ಲಿಷಿನವರ ಮಾತು ನನಗೆ ಹೇಗೆ ಕೇಳಿಸಬೇಕು, ತುಟಿ ಕಾಣದೆ ನಾನು ಏನು ಮಾಡಲಿ ಅಂದಳು. ಕೆಲಸ ಹೋದರೆ ನಾನು ಮನೆಗೆ ಬರಬೇಕು, ಬಂದರೆ ಊರಿಗೆಲ್ಲ ಗೊತ್ತಾಗುವ ಮುಂಚೆ ಯಾರಿಗಾದರೂ ಕಟ್ಟಿ ಕಳಿಸುತ್ತೀರಿ ಎಂದಳು. ಕೊನೆಗೆ "ಆರೋಡುಂ ಪರಯಂಡ", ಯಾರಿಗೂ ಹೇಳಬೇಡ ಎಂದು ಮತ್ತೆ ಮತ್ತೆ ಅಂದಳು. ಎಲ್ಲವೂ ಅಕ್ಷರಾಕ್ಷರ ತಿಳಿಯಿತೆಂದಲ್ಲ, ತಿಳಿಯಬೇಕಾದಷ್ಟು ತಿಳಿಯಿತು.

ನನ್ನ ಕೈಯ ಎಳೆ ಎಲ್ಲಿ ಹೋಯಿತೋ. ಕನ್ನಡಿಯನ್ನು ನೋಡಿದೆ. ಅದರಲ್ಲಿ ನನ್ನ ಮುಖ, ನನ್ನ ಹಿಂದಿನ ಕಿಟಕಿ, ಕಿಟಕಿಗೂ ಕುರ್ಚಿಗೂ ನಡುವೆ ಓಡಾಡುವ ಜನ ಎಲ್ಲ ಕಾಣುತ್ತಿತ್ತು. ಹಿಂದಿನಿಂದ ಯಾರು ಬಂದು ಕರೆಯುತ್ತಾರೆಂದು ತಿಳಿಯಲು ಇಟ್ಟುಕೊಂಡದ್ದು. ಇಷ್ಟು ದಿನ ನಾವೆಲ್ಲ ಏಕಾಗ್ರತೆ ಎಂದು ಕಾಲಿಗೆ ಬಿದ್ದದ್ದು ಇದಕ್ಕೆ.

ನನಗೆ ಮೊದಲೇ ಗೊತ್ತಾಗಬೇಕಿತ್ತು. ಮನೆಯಲ್ಲೇ ಒಬ್ಬ ಇದ್ದ. ಕಾರ್ಖಾನೆಯ ಗದ್ದಲ ಅಪ್ಪನ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ನಿವೃತ್ತಿಯಾಗಿ ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಬಂದ ಮೇಲೆ ಅಪ್ಪ ಯಾವ ಮಾತಿಗೂ "ಹೌದ್ಹೌದು" ಅನ್ನುತ್ತಿದ್ದ, ಉಳಿದವರು ನಕ್ಕ ಮೇಲೆ ನಗುತ್ತಿದ್ದ. ಮದುವೆ ಮನೆಗಳಲ್ಲಿ ಗೋಡೆಗೆ ಎಡಭುಜ ಆನಿಸಿ ಕೂರುತ್ತಿದ್ದ. ಕಂಬದ ಪಕ್ಕ ಅವಳು ಕೂರುತ್ತಿದ್ದ ಹಾಗೆಯೇ. ನಾವು ಕೊಡಿಸಿದ ಕಿವಿಯ ಯಂತ್ರವನ್ನು ಅಪ್ಪ ಡಬ್ಬಿಯಿಂದ ತೆಗೆಯುತ್ತಲೇ ಇರಲಿಲ್ಲ. "ಅದನ್ನ ಹಾಕ್ಕೊಂಡ್ರ ನಿಮ್ಮವ್ವ ಅಂದದ್ದೆಲ್ಲಾ ಕೇಳಸ್ತೈತಿ. ಯಾಕ ಬೇಕು ತ್ರಾಸ" ಅನ್ನುತ್ತಿದ್ದ. ಅವತ್ತು ರಾತ್ರಿ ಊಟದ ಹೊತ್ತಿಗೆ ಅಪ್ಪನ ಎದುರಿಗೆ ಕೂತು ಎಲ್ಲ ಹೇಳಿದೆ, ತುಟಿ ಕಾಣುವ ಹಾಗೆ, ನಿಧಾನವಾಗಿ. ಅಪ್ಪ ನಗಲಿಲ್ಲ. "ಮುಚ್ಚಿಡೂದು ಭಾಳ ದಣಿಸ್ತೈತಿ ಯವ್ವಾ. ಕೇಳಸದೇ ಇರೂದಕ್ಕಿಂತ ಅದು ಹೆಚ್ಚು ದಣಿಸ್ತೈತಿ" ಅಂದ.

ಮರುದಿನ ಅವಳನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋಗಿ, ಮುಖಕ್ಕೆ ಮುಖ ಕೊಟ್ಟು, ನಿನ್ನೆಯ ಮಾತು ನನಗೆ ಅರ್ಥವಾಯಿತು ಅಂದೆ. ಅವಳು ಅತ್ತು ಬಿಡುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ ಎಂದೆಲ್ಲ ಯೋಚಿಸಿಕೊಂಡು ಹೋಗಿದ್ದೆ. ಅವಳು ಸಿಟ್ಟಾದಳು.

"ಎಷ್ಟು ದಿನದಿಂದ ಕೇಳಿಸಿಕೊಳ್ತಿದ್ದೀರಿ?"

"ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿತು."

"ಭಾಷೆ ಬರಲ್ಲ ಅಂದಿದ್ರಿ."

"ಬರ್ತಿರಲಿಲ್ಲ. ನೀನೇ ಕಲಿಸಿದೆ. ಅಷ್ಟು ಜೋರಾಗಿ ಮಾತಾಡ್ತೀಯ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಜೋರಾಗಿ ಮಾತಾಡುತ್ತೇನೆ ಎಂಬುದು ಅವಳಿಗೆ ತಿಳಿದಿರಲಿಲ್ಲ, ಪಾಪ. ಮೆಟ್ಟಿಲ ಮೇಲೆ ಕೂತು ವಾದಿಸಿದೆವು. ಮ್ಯಾನೇಜರಿಗೆ ಹೇಳಿಬಿಡು ಎಂದು ನಾನು, ಖಾಯಂ ಆಗುವವರೆಗೆ ಸಾಧ್ಯವಿಲ್ಲ ಎಂದು ಅವಳು. ಹಾಗಾದರೆ ಫೋನಿನ ಕರೆಯಲ್ಲಿ ನಾನು ನಿನ್ನ ಪಕ್ಕ ಕೂರುತ್ತೇನೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಹಾದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದದ್ದು ಹಾಗೆ.

ಕರೆ ನಡೆಯುತ್ತಿದ್ದದ್ದು ಹಾಲ್‌ನ ಒಂದು ಕೊನೆಯಲ್ಲಿದ್ದ ಗಾಜಿನ ಕೋಣೆಯಲ್ಲಿ. ಮೇಜಿನ ನಡುವೆ ಮೂರು ಕಾಲಿನ ಫೋನು, ಸುತ್ತ ನಾವು ಆರೇಳು ಮಂದಿ, ತಲೆಯ ಕಡೆ ಮ್ಯಾನೇಜರು. ಮಾತುಕತೆಯ ಟಿಪ್ಪಣಿ ಬರೆದುಕೊಳ್ಳುತ್ತೇನೆ ಎಂದು ಹೇಳಿ ನಾನು ಲ್ಯಾಪ್‌ಟಾಪು ಇಟ್ಟುಕೊಂಡು ಅವಳ ಬಲಕ್ಕೆ ಕೂರುತ್ತಿದ್ದೆ. ಫೋನಿನಿಂದ ಬಂದ ಪ್ರತಿ ಮಾತನ್ನೂ ಬರುತ್ತಿದ್ದ ಹಾಗೆಯೇ ಟೈಪು ಮಾಡುವುದು, ಅವಳು ಅದನ್ನು ಓದಿ ಉತ್ತರಿಸುವುದು. ಯೋಚಿಸಿ ಮಾತಾಡುತ್ತಾಳೆ ಎಂದು ಇಂಗ್ಲೆಂಡಿನವರು ಮೆಚ್ಚಿದರು! ಅವಳು ಯೋಚಿಸುತ್ತಿರಲಿಲ್ಲ, ನನ್ನ ಬೆರಳು ಮುಗಿಸುವುದನ್ನು ಕಾಯುತ್ತಿದ್ದಳು.

ಹೀಗೆ ವಾರಗಳು ಹೋದವು. ಏನನ್ನೂ ಕೇಳಿಸಿಕೊಳ್ಳಬಾರದೆಂದು ಕುರ್ಚಿ ಬದಲಿಸಿದವಳು ಈಗ ಒಂದು ಉಸಿರೂ ತಪ್ಪದಂತೆ ಕೇಳಿಸಿಕೊಳ್ಳಬೇಕಿತ್ತು. ಅಲ್ಲಿಂದ ಎದ್ದು ಬಂದು ನನ್ನ ಕೆಲಸಕ್ಕೆ ಕೂತರೆ ತಲೆಯೊಳಗೆ ಇಂಗ್ಲಿಷು ಗುಂಯ್ ಅನ್ನುತ್ತಿತ್ತು. ಸುತ್ತಿನ ಮಲಯಾಳವೂ ಈಗ ಪೂರ್ತಿ ಬಾಗಿಲು ತೆರೆದುಕೊಂಡಿತ್ತು. ಸೋತು ಸುಣ್ಣವಾಗಿ ಮನೆಗೆ ಹೋಗುತ್ತಿದ್ದೆ. ಅವ್ವ ಏನಾದರೂ ಕೇಳಿದರೆ ರೇಗುತ್ತಿದ್ದೆ. "ಮಾತಾಡ್ಸಬ್ಯಾಡ ಬಿಡು, ಅಕಿಗೆ ಕಿವಿ ಸಾಕಾಗ್ಯಾವು" ಎಂದು ಅಪ್ಪ ಅವ್ವನನ್ನು ಒಳಗೆ ಕಳಿಸುತ್ತಿದ್ದ. ನನ್ನ ತಪ್ಪುಗಳ ಲೆಕ್ಕ ಮತ್ತೆ ಏರತೊಡಗಿತ್ತು. ಮ್ಯಾನೇಜರು ಬೆಂಚಿನ ಮಾತನ್ನು ಇನ್ನೊಮ್ಮೆ ನೆನಪಿಸಿದರು. ಅವಳ ಖಾಯಂ ಪತ್ರ ಈ ವಾರ, ಮುಂದಿನ ವಾರ ಎಂದು ಮುಂದೆ ಹೋಗುತ್ತಲೇ ಇತ್ತು.

ಆ ದಿನ ನಾನು ಬೆಳಿಗ್ಗೆಯಿಂದ ಒಂದು ತಪ್ಪಿನ ಬೆನ್ನು ಹತ್ತಿದ್ದೆ. ಸತ್ತವರ ಹೆಸರಿಗೂ ಪ್ರೀಮಿಯಂ ಕಟ್ಟಿರೆಂದು ಕಾಗದ ಕಳಿಸುತ್ತಿದ್ದ ಒಂದು ತಪ್ಪು, ಎಲ್ಲಿ ಕೂತಿದೆಯೆಂದೇ ತಿಳಿಯುತ್ತಿರಲಿಲ್ಲ. ಹಿಡಿಯುವಷ್ಟರಲ್ಲಿ ಕರೆಯ ಹೊತ್ತಾಯಿತು. ಗಾಜಿನ ಬಾಗಿಲು ಹಾಕಿದರು. ಹೊರಗಿನ ಹಾಲ್ ಬಾಯಿ ಅಲ್ಲಾಡಿಸುವ ಜನರಿಂದ ತುಂಬಿತ್ತು, ಸದ್ದು ಮಾತ್ರ ಇರಲಿಲ್ಲ. ಒಳಗೆ ಒಂದೇ ಒಂದು ದನಿ, ಮುದುಕನೊಬ್ಬನದು, ನಿಧಾನವಾಗಿ ಏನೋ ವಿವರಿಸುತ್ತಿತ್ತು. ಟೈಪು ಮಾಡುತ್ತಿದ್ದ ನನಗೆ ಬೆಳಗಿನ ಆ ತಪ್ಪಿನ ಎಳೆಯ ತುದಿ ಕಂಡಿತು. ಕಂಡೊಡನೆ ಹಿಡಿದೆ. ಹಿಡಿದು ಅದು ಹೋದಲ್ಲೆಲ್ಲ ಹೋದೆ, ಒಂದು ತಿರುವು, ಇನ್ನೊಂದು ತಿರುವು, ಅಗೋ ಅಲ್ಲಿದೆ. ಆ ಆಫೀಸಿಗೆ ಸೇರಿದ ಮೇಲೆ ಅಂಥ ಏಕಾಗ್ರತೆ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಯಾವ ಸದ್ದೂ ಇಲ್ಲ, ಯಾರೂ ಇಲ್ಲ, ನಾನೂ ಇಲ್ಲ. ಎಷ್ಟು ಹಗುರಾಗಿತ್ತು ಎಂದರೆ ನಗು ಬಂತು.

ತಲೆಯೆತ್ತಿದರೆ ಎಲ್ಲರೂ ಅವಳನ್ನು ನೋಡುತ್ತಿದ್ದರು. ಫೋನು ಸುಮ್ಮನಿತ್ತು, ಉತ್ತರಕ್ಕೆ ಕಾಯುತ್ತಿತ್ತು. ನನ್ನ ಪರದೆಯ ಮೇಲೆ ಅರ್ಧ ವಾಕ್ಯ, ಅದರ ಮುಂದೆ ಮಿನುಗುವ ಗೆರೆ. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮುದುಕ ಏನು ಕೇಳಿದನೆಂದು ನನಗೂ ಗೊತ್ತಿರಲಿಲ್ಲ. ಫೋನಿನ ದನಿ "ಹಲೋ?" ಅಂದಿತು. ಮ್ಯಾನೇಜರು ಕುರ್ಚಿಯಲ್ಲಿ ಮುಂದೆ ಬಾಗಿದರು.

ಅವಳು ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಫೋನನ್ನು ತನ್ನ ಕಡೆ ಎಳೆದುಕೊಂಡು, ನಿಚ್ಚಳ ಇಂಗ್ಲಿಷಿನಲ್ಲಿ ಹೇಳಿದಳು. "ಕ್ಷಮಿಸಿ, ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ. ನನ್ನ ಎಡಗಿವಿ ಕೇಳಿಸುವುದಿಲ್ಲ, ಬಲಗಿವಿ ಸ್ವಲ್ಪ ಕೇಳಿಸುತ್ತದೆ. ದಯವಿಟ್ಟು ಇನ್ನೊಮ್ಮೆ ಹೇಳಿ."

ಆ ಕಡೆಯ ಮುದುಕ "ಓ, ಖಂಡಿತ" ಎಂದು ಮೊದಲಿನಿಂದ ಹೇಳಿದ, ಅಷ್ಟೇ. ಆಕಾಶವೇನೂ ಬೀಳಲಿಲ್ಲ. ನಾನು ಟೈಪು ಮಾಡಿದೆ. ಅವಸರದಲ್ಲಿ ಎಲ್ಲ ತಪ್ಪುತಪ್ಪಾಗಿ ಬಂತು, ಅವಳು ಹೇಗೋ ಓದಿಕೊಂಡು ಉತ್ತರ ಕೊಟ್ಟಳು.

ಕರೆ ಮುಗಿದು ಉಳಿದವರು ಎದ್ದು ಹೋದ ಮೇಲೆ ಮ್ಯಾನೇಜರು ಕೂತೇ ಇದ್ದರು. "ಏಮ್ಮಾ, ಮುಂದೇ ಚೆಪ್ಪಚ್ಚು ಕದಾ" ಅಂದರು, ಮೊದಲೇ ಹೇಳಬಹುದಿತ್ತಲ್ಲ ಎಂದು. ಅವರು ಹೇಳಿದ್ದನ್ನು ನಾನು ಬರೆದು ತೋರಿಸಿದೆ.

"ನೀವು ಹೊಗಳೋಕೆ ಶುರು ಮಾಡಿದ್ರಿ ಸರ್" ಅಂದಳು ಅವಳು. "ಆಮೇಲೆ ಹೇಗೆ ಹೇಳೋದು?"

ಮ್ಯಾನೇಜರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ ಬಹಳ ದಿನ ಅವರ ಬಾಯಲ್ಲಿ ಆ 'ಫೋಕಸ್' ಬರಲಿಲ್ಲ. ಅವಳನ್ನು ಕರೆಗಳಿಂದ ಬಿಡಿಸಿದರು. ಮೇಲಿನವರು ಏನೇನೋ ಪರೀಕ್ಷೆ ಮಾಡಿಸಿ ಸತಾಯಿಸಿದರು, ಖಾಯಂ ಪತ್ರ ತಡವಾಯಿತು, ಆದರೆ ಬಂತು. ಅವಳ ಕೆಲಸ ಉಳಿಯಿತು. ಸತ್ತವರಿಗೆ ಹೋಗುತ್ತಿದ್ದ ಕಾಗದವನ್ನು ನಿಲ್ಲಿಸಿದ್ದಕ್ಕೆ ನನ್ನದೂ ಉಳಿಯಿತು. ಆ ಹೊತ್ತಿನ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ. ಒಮ್ಮೆ ಮಾತ್ರ ಅವಳು, "ಅವತ್ತು ನಿಮ್ಮ ಮುಖ ನೋಡಿ ನಿದ್ದೆ ಹೋಗಿದ್ದೀರಿ ಅಂದುಕೊಂಡೆ. ಅಷ್ಟು ಆರಾಮಾಗಿತ್ತು" ಎಂದು ಛೇಡಿಸಿದಳು.

ಪತ್ರ ಬಂದ ಮೇಲೆ ಅವಳು ಕಿವಿಯ ಯಂತ್ರ ಕೊಂಡಳು. ಮನೆಯಲ್ಲಿ ಹೇಳಿದಾಗ ಅಪ್ಪ ಊಟ ನಿಲ್ಲಿಸಿ, "ಮೊದಲನೇ ದಿನ ಗದ್ದಲದಾಗ ಹಾಕ್ಕೊಂಡು ಹೋಗಬ್ಯಾಡ ಅನ್ನು. ತಲಿ ಒಡದಂಗ ಆಗ್ತೈತಿ. ಮೊದಲು ಮನ್ಯಾಗ ಕುಂತು ರೂಢಿ ಮಾಡ್ಕೊಳ್ಳಲಿ" ಎಂದು ಹೇಳಿಕಳಿಸಿದ. ಹೇಳಿದೆ. ಅವಳು ಕೇಳುವವಳೇ? ಮಾರನೆಯ ದಿನ ಬೆಳಿಗ್ಗೆ ಕಂದು ಬಣ್ಣದ ಅದನ್ನು ಎಡಕ್ಕೊಂದು ಬಲಕ್ಕೊಂದು ಸಿಕ್ಕಿಸಿಕೊಂಡು, ಕೂದಲನ್ನು ಮೇಲಕ್ಕೆ ಎತ್ತಿ ಕಟ್ಟಿ, ಮದುವಣಗಿತ್ತಿಯ ಹಾಗೆ ಹಾಲ್‌ಗೆ ಬಂದಳು. ಹುಡುಗರು ಚಪ್ಪಾಳೆ ತಟ್ಟಿದರು. ಅವಳು ಬೆಚ್ಚಿಬಿದ್ದು ಕೈಯಿಂದ ಕಿವಿ ಮುಚ್ಚಿಕೊಂಡಳು.

ಕುರ್ಚಿಯಲ್ಲಿ ಕೂತು ಟೈಪು ಮಾಡಲು ನೋಡಿದಳು. ಆಚೆಯ ಕುರ್ಚಿ ಕಿರ್ರೆಂದಿತು, ತಿರುಗಿ ನೋಡಿದಳು. ಯಾರದೋ ಮೊಬೈಲು ಹೊಡೆದುಕೊಂಡಿತು, ತಿರುಗಿ ನೋಡಿದಳು. ಏಸಿಯ ಗಾಳಿ, ಕೀಲಿಗಳ ಟಕಟಕ, ಕಣ್ಣಿನ ಪೊರೆ, 'ನಕ್ಕೋ ಬೋಲಾ ನಾ', ಕ್ಯಾಂಟೀನಿನ ತಟ್ಟೆಗಳು, ಯಾರೋ ಉಗುರು ಕತ್ತರಿಸಿಕೊಳ್ಳುವ ಸದ್ದು. ಹಿಂದೆ ಎಂದೂ ತಲೆಯೆತ್ತದವಳು ಗುಬ್ಬಿಯ ಹಾಗೆ ಕತ್ತು ತಿರುಗಿಸುತ್ತಿದ್ದಳು. ಒಂದು ಸಾಲು ಬರೆಯುವುದು, ಅಳಿಸುವುದು. ಬಹಳ ಹೊತ್ತಿನ ಮೇಲೆ ಕೈಬಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಿಜವಾದ ಗಾಬರಿಯಿತ್ತು.

"ಚೇಚಿ" ಅಂದಳು. ಅಕ್ಕ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. "ಇಷ್ಟು ಗದ್ದಲದಲ್ಲಿ ನೀವು ಇಷ್ಟು ವರ್ಷ ಹೇಗೆ ಕೆಲಸ ಮಾಡಿದ್ರಿ?"

ಮ್ಯಾನೇಜರು ನನ್ನನ್ನು ಎಷ್ಟೋ ಕೇಳಿದ್ದರು. ತಪ್ಪು ಯಾಕಾಯಿತು, ಗಮನ ಎಲ್ಲಿತ್ತು, ಉಳಿದವರಿಗೆ ಆಗುವುದು ನಿನಗೆ ಯಾಕೆ ಆಗುವುದಿಲ್ಲ ಎಂದು. ಇದನ್ನು ಯಾರೂ ಕೇಳಿರಲಿಲ್ಲ. ಉತ್ತರ ಹೇಳಬೇಕೆಂದು ಬಾಯಿ ತೆರೆದರೆ, ಹಾಲ್‌ನ ನಡುವೆ, ಎಲ್ಲರ ಕಣ್ಣೆದುರಿಗೆ, ನನಗೆ ಅಳು ಬಂದುಬಿಟ್ಟಿತು.

ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಬಲಗಿವಿಯ ಹಿಂದೆ ಬೆರಳಿಟ್ಟು ಒತ್ತಿ ಯಂತ್ರ ಆರಿಸಿದಳು, ಎಡಗಿವಿಯದನ್ನೂ ಆರಿಸಿದಳು. ಅವಳ ಭುಜ ಇಳಿಯಿತು. ಕನ್ನಡಿಯನ್ನು ಸರಿಮಾಡಿಕೊಂಡು, ತಲೆ ಬಗ್ಗಿಸಿ, ಬಿಟ್ಟಲ್ಲಿಂದ ಟೈಪು ಮಾಡತೊಡಗಿದಳು. ನಾನು ಕಣ್ಣೊರೆಸಿಕೊಂಡು ನನ್ನ ಪರದೆಗೆ ತಿರುಗಿದೆ. ನಮ್ಮ ಸಾಲಿನ ಆ ತುದಿಯಲ್ಲಿ ಇಬ್ಬರು ಹುಡುಗರು ಮಲಯಾಳದಲ್ಲಿ, ಇವಳು ಯಾಕೆ ಅಳುತ್ತಿದ್ದಾಳೆ ಎಂದು ಪಿಸುಗುಟ್ಟುತ್ತಿದ್ದುದು ನನಗೆ ಚೆನ್ನಾಗಿ ಕೇಳಿಸಿತು.